ಇದು ಮತ್ಸ್ಯನ್ಯಾಯವಲ್ಲ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದು ಮತ್ಸ್ಯನ್ಯಾಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮಹಾಭಾರತದ ಶಾಂತಿಪರ್ವದಲ್ಲಿಯೂ ಈ ಕಲ್ಪನೆ ಬರುತ್ತದೆ. ದಂಡ ಹಿಡಿದ ಅರಸನಿಲ್ಲದ ನಾಡಿನಲ್ಲಿ ಬಲ್ಲಿದರು ಬಡವರನ್ನು ನುಂಗಿಬಿಡುತ್ತಾರೆ ಎಂಬುದು ಅದರ ತಾತ್ಪರ್ಯ. ಐಚ್ಛಿಕ ಕನ್ನಡದ ಉತ್ತರಪತ್ರಿಕೆಗಳಲ್ಲಿ ಈ ಮಾತು ಬಹಳ ಸುಲಭವಾಗಿ ಬರುತ್ತದೆ. ಜಮೀನುದಾರ ಮತ್ತು ರೈತ, ನಗರ ಮತ್ತು ಹಳ್ಳಿ, ಒಂದು ಭಾಷೆ ಮತ್ತು ಇನ್ನೊಂದು ಭಾಷೆ: ಎಲ್ಲಿ ಜಗಳವುಂಟೋ ಅಲ್ಲಿ ಮತ್ಸ್ಯನ್ಯಾಯ.

ಈಗ ಈ ಮಾತು ಪುಸ್ತಕವನ್ನು ಬಿಟ್ಟು ನಡುಮನೆಗೂ ಬಂದಿದೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಗಾಜಿನ ಮೀನುತೊಟ್ಟಿಗಳು ಕಾಣಿಸುತ್ತವೆ. ಕೆಲವರು ಅದರಲ್ಲಿ ಆಸ್ಕರ್, ಫ್ಲವರ್‌ಹಾರ್ನ್, ಕಾನ್ವಿಕ್ಟ್ ಮುಂತಾದ ಮೀನುಗಳನ್ನು ಒಟ್ಟಿಗೆ ಬಿಡುತ್ತಾರೆ. ವಾರ ಕಳೆಯುವುದರೊಳಗೆ ಒಂದರ ರೆಕ್ಕೆ ಹರಿದಿರುತ್ತದೆ, ಇನ್ನೊಂದು ಮೂಲೆಯಲ್ಲಿ ಬಣ್ಣಗೆಟ್ಟು ನಿಂತಿರುತ್ತದೆ, ಮತ್ತೊಂದು ಬೆಳಗಾಗುವಾಗ ಸತ್ತು ತೇಲುತ್ತಿರುತ್ತದೆ. ಆಗ ಸಾಕಿದವರು ಹೇಳುವ ಮಾತು ಇದೇ: ಮೀನಿನ ಜಾತಿಯೇ ಅಂಥದು, ಅದು ಮತ್ಸ್ಯನ್ಯಾಯ. ಈ ಮಾತು ತಪ್ಪೆಂದು ನನ್ನ ಅಭಿಪ್ರಾಯ. ತಪ್ಪು ಮಾತು ಇಲ್ಲಿ ಬರಿಯ ಅಲಂಕಾರದೋಷವಾಗಿ ಉಳಿಯುವುದಿಲ್ಲ. ಒಂದು ಜೀವ ಹೋಗುತ್ತದೆ, ಅದಕ್ಕೆ ಹೊಣೆ ಯಾರೂ ಇಲ್ಲವೆಂದಾಗುತ್ತದೆ.

ಈ ಮೀನುಗಳೆಲ್ಲ ಸಿಕ್ಲಿಡ್ ಎಂಬ ಒಂದು ದೊಡ್ಡ ಕುಲಕ್ಕೆ ಸೇರಿದವು. ಈ ಕುಲದಲ್ಲಿ ಇದುವರೆಗೆ ಗುರುತಿಸಿದ ಪ್ರಭೇದಗಳೇ 1,700ಕ್ಕೂ ಹೆಚ್ಚು. ಆಫ್ರಿಕದ ಮಲಾವಿ, ಟ್ಯಾಂಗನಿಕಾ, ವಿಕ್ಟೋರಿಯಾ ಸರೋವರಗಳು ಮತ್ತು ಮಧ್ಯ, ದಕ್ಷಿಣ ಅಮೆರಿಕದ ನದಿಗಳು ಇವುಗಳ ಮುಖ್ಯ ನೆಲೆ. ಆಸ್ಕರ್ ಅಮೆಜಾನ್ ಕಡೆಯದು. ಕಪ್ಪು ಪಟ್ಟೆಗಳಿಂದಾಗಿ ಕೈದಿಯ ಹೆಸರು ಹೊತ್ತ ಕಾನ್ವಿಕ್ಟ್ ಮಧ್ಯ ಅಮೆರಿಕದ್ದು. ಫ್ಲವರ್‌ಹಾರ್ನ್ ಯಾವ ನದಿಯದೂ ಅಲ್ಲ. 1990ರ ದಶಕದಲ್ಲಿ ಮಲೇಶಿಯಾದಲ್ಲಿ ಮನುಷ್ಯರು ಬೆರಕೆ ಮಾಡಿ ಪಡೆದ ತಳಿ ಅದು. ಆದರೂ ಈ ಕುಲ ನಮಗೆ ಪರಕೀಯವೇನಲ್ಲ. ಪೇಟೆಯಲ್ಲಿ ಜಿಲೇಬಿ ಮೀನು ಎಂದು ಮಾರುವ ತಿಲಾಪಿಯಾ ಸಿಕ್ಲಿಡ್ ಕುಲದ್ದೇ. ಕೇರಳವು 2010ರಲ್ಲಿ ರಾಜ್ಯಮೀನೆಂದು ಸಾರಿದ ಕರಿಮೀನು ಕೂಡ ಸಿಕ್ಲಿಡ್ಡೇ. ನಮ್ಮ ದೇಶಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಒಂದು ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳದು. ಫ್ರಾನ್ಸಿಸ್ ಡೇ 1877ರಲ್ಲಿ ಅದಕ್ಕೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟನು. ಕೆನರೆನ್ಸಿಸ್ ಎಂದರೆ ಕನ್ನಡ ಜಿಲ್ಲೆಯದು ಎಂದರ್ಥ. ನಾಡಿನ ಹೆಸರು ಹೊತ್ತ ಈ ಮೀನು ಇಂದು ಅಳಿವಿನಂಚಿನಲ್ಲಿದೆ ಎಂಬುದನ್ನು ಕನ್ನಡ ಓದುವ ಎಷ್ಟು ಮಂದಿ ಬಲ್ಲರು?

ಇನ್ನು ಜಗಳದ ವಿಚಾರ. ಬಾಯಿಗೆ ಹಿಡಿಸುವ ಚಿಕ್ಕ ಮೀನನ್ನು ಆಸ್ಕರ್ ನುಂಗುತ್ತದೆ. ಅದು ಊಟ, ಬೇಕಿದ್ದರೆ ಅದನ್ನು ಮತ್ಸ್ಯನ್ಯಾಯವೆನ್ನಿ. ಆದರೆ ತೊಟ್ಟಿಯಲ್ಲಿ ನಾವು ಕಾಣುವ ಕಾಳಗ ಊಟವಲ್ಲ. ಅಲ್ಲಿ ಕಾದಾಡುವವು ಹೆಚ್ಚಾಗಿ ಸರಿಸಮಾನರು: ಒಂದೇ ಪ್ರಭೇದದವು, ಒಂದೇ ಬಣ್ಣದವು, ಒಂದೇ ಗಾತ್ರದವು. ಅವು ಮೊದಲು ರೆಕ್ಕೆಗಳನ್ನು ಹರಡುತ್ತವೆ, ಕಿವಿರಿನ ಮುಚ್ಚಳಗಳನ್ನು ಅಗಲಿಸಿ ಮುಖವನ್ನು ದೊಡ್ಡದು ಮಾಡಿ ತೋರಿಸುತ್ತವೆ, ಬಾಲ ಬೀಸಿ ನೀರಿನ ಹೊಡೆತವನ್ನು ಎದುರಾಳಿಯ ಮೈಗೆ ಮುಟ್ಟಿಸುತ್ತವೆ, ಬಾಯಿಗೆ ಬಾಯಿ ಕಚ್ಚಿ ಎಳೆದಾಡಿ ಬಲವನ್ನು ಅಳೆಯುತ್ತವೆ. ಸೋತದ್ದು ರೆಕ್ಕೆ ಮಡಚಿ, ಬಣ್ಣ ಇಳಿಸಿ, ಹೊರಟುಹೋಗುತ್ತದೆ. ಗೆದ್ದದ್ದು ಅದನ್ನು ತಿನ್ನುವುದಿಲ್ಲ. ಸ್ವಲ್ಪ ದೂರ ಅಟ್ಟಿ ತನ್ನ ಜಾಗಕ್ಕೆ ಮರಳುತ್ತದೆ. ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಜ್ 1963ರಲ್ಲಿ ಪ್ರಾಣಿಗಳ ಆಕ್ರಮಣ ಪ್ರವೃತ್ತಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಬೇಟೆ ಬೇರೆ, ಹೋರಾಟ ಬೇರೆ ಎಂಬ ಈ ವಿವೇಚನೆಯನ್ನು ಅವನು ಅದರಲ್ಲಿ ಸ್ಪಷ್ಟವಾಗಿ ಮಾಡಿದ್ದಾನೆ. ಅವನ ನಿದರ್ಶನಗಳಲ್ಲಿ ಸಿಕ್ಲಿಡ್ ಮೀನುಗಳಿಗೆ ದೊಡ್ಡ ಸ್ಥಾನವಿದೆ.

ಹಾಗಾದರೆ ಈ ಹೋರಾಟ ಯಾವುದಕ್ಕಾಗಿ? ಜಾಗಕ್ಕಾಗಿ, ಮರಿಗಳಿಗಾಗಿ. ಬಹುಪಾಲು ಮೀನುಗಳು ಮೊಟ್ಟೆ ಚೆಲ್ಲಿ ಮರೆತುಬಿಡುತ್ತವೆ. ಸಿಕ್ಲಿಡ್ ಹಾಗಲ್ಲ. ಕಾನ್ವಿಕ್ಟ್ ದಂಪತಿ ಕಲ್ಲಿನ ಪೊಟರೆಯ ಗೋಡೆಗೆ ಮೊಟ್ಟೆ ಅಂಟಿಸಿ, ರೆಕ್ಕೆಯಿಂದ ನೀರು ಬೀಸುತ್ತ ಕಾಯುತ್ತವೆ. ಮರಿಗಳು ಈಜತೊಡಗಿದ ಮೇಲೂ ವಾರಗಟ್ಟಲೆ ಅವುಗಳ ಬೆಂಗಾವಲಾಗಿ ತಿರುಗುತ್ತವೆ. ತಿಲಾಪಿಯಾದ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ನಾವು ಕ್ರೌರ್ಯವೆಂದು ಕರೆಯುವುದರಲ್ಲಿ ದೊಡ್ಡ ಪಾಲು ತಾಯ್ತಂದೆಯರ ಕಾವಲು.

ಮೀನು ಕಾಯುವ ಈ ಜಾಗಕ್ಕೆ ಹೊಸ ಪಾರಿಭಾಷಿಕ ಪದವನ್ನು ಟಂಕಿಸಬೇಕಾಗಿಲ್ಲ. ಹದ್ದು ಎಂಬ ಮಾತು ನಮ್ಮಲ್ಲಿ ಆಗಲೇ ಇದೆ. ಅರಬ್ಬಿಯಿಂದ ಹೊರಟ ಈ ಶಬ್ದ ಉರ್ದುವಿನಲ್ಲಿ ಹದ್, ಮರಾಠಿಯಲ್ಲಿ ಹದ್ದ, ಕನ್ನಡ ತೆಲುಗುಗಳೆರಡರಲ್ಲಿಯೂ ಹದ್ದು. ಮರಾಠಿ, ಕನ್ನಡ ಎರಡರಲ್ಲಿಯೂ ಅಕ್ಷರ ಕಲಿತ ನನಗೆ ಈ ಮಾತು ಯಾವ ಭಾಷೆಯಿಂದ ಮೊದಲು ಬಂದಿತೆಂದು ಹೇಳಲು ಬರುವುದಿಲ್ಲ. ಗಡಿನಾಡಿನ ನಾಲ್ಕೂ ಭಾಷೆಗಳು ಎಲ್ಲೆಯನ್ನು ಒಂದೇ ಹೆಸರಿನಿಂದ ಕರೆಯುತ್ತವೆ ಎಂಬುದೇ ಚೋದ್ಯ. ಸಿಕ್ಲಿಡ್ ಹದ್ದು ಉಳ್ಳ ಮೀನು. ಇಷ್ಟು ತಿಳಿದರೆ ತೊಟ್ಟಿಯ ಅರ್ಧ ಸಮಸ್ಯೆ ಬಿಡಿಸಿದಂತೆ.

ಉಳಿದರ್ಧ ಲೆಕ್ಕದ್ದು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ತುಂಬಿಸಿದರೂ ನಿಲ್ಲುವುದು ಸುಮಾರು 56 ಲೀಟರ್ ನೀರು. ಆಸ್ಕರ್ ಪೂರ್ತಿ ಬೆಳೆದರೆ ಒಂದಡಿಯಾಗುತ್ತದೆ. ಎಂದರೆ ತೊಟ್ಟಿಯ ಅಗಲದಷ್ಟೇ ಮೀನು. ಅದಕ್ಕೆ ತಿರುಗಲು ಸಹ ಎಡೆಯಿಲ್ಲ. ಅಂಗಡಿಯಲ್ಲಿ ಎರಡು ಅಂಗುಲದ ಮರಿಯನ್ನು ಕಂಡು ಮರುಳಾಗುವವರು ಈ ಲೆಕ್ಕವನ್ನು ಮಾಡುವುದಿಲ್ಲ. ನದಿಯಲ್ಲಿ ಸೋತ ಮೀನಿಗೆ ಹೋಗಲು ದಾರಿಯಿರುತ್ತದೆ. ಹತ್ತು ಮಾರು ಸರಿದರೆ ಜಗಳ ಮುಗಿಯಿತು. ತೊಟ್ಟಿಯಲ್ಲಿ ಸೋತದ್ದು ಎಲ್ಲಿಗೆ ಹೋದರೂ ಗೆದ್ದದ್ದರ ಹದ್ದಿನೊಳಗೇ ಇರುತ್ತದೆ. ಸೋಲೊಪ್ಪಿ ಹೊರಟಿದ್ದೇನೆ ಎಂದು ಅದು ತನ್ನ ಭಾಷೆಯಲ್ಲಿ ಹೇಳುತ್ತಲೇ ಇದೆ. ಹೊರಡಲು ಗಾಜು ಬಿಡುವುದಿಲ್ಲ. ಆದ್ದರಿಂದ ಅದನ್ನು ಕೊಂದದ್ದು ಇನ್ನೊಂದು ಮೀನಿನ ಸ್ವಭಾವವಲ್ಲ, ತೊಟ್ಟಿಯ ಅಳತೆ. ಆ ಅಳತೆಯನ್ನು ಆರಿಸಿದವರು ನಾವು.

ಸಾಕಲೇಬೇಕೆಂಬ ಹಂಬಲವಿರುವವರು ಕೆಲವು ಮಾತುಗಳನ್ನು ನೆನಪಿಡಬೇಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 255 ಲೀಟರ್ ಹಿಡಿಯುತ್ತದೆ. ಅದಕ್ಕಿಂತ ಚಿಕ್ಕದರಲ್ಲಿ ದೊಡ್ಡ ಸಿಕ್ಲಿಡ್‌ಗಳನ್ನು ಕೂಡಿಸುವ ಯೋಚನೆಯೇ ಬೇಡ. ಫ್ಲವರ್‌ಹಾರ್ನ್‌ಗೆ ಒಂಟಿ ಬಾಳೇ ಲೇಸು. ಎತ್ತರಕ್ಕಿಂತ ಉದ್ದಗಲಗಳು ಮುಖ್ಯ, ಏಕೆಂದರೆ ಮೀನು ಹದ್ದು ಹಾಕುವುದು ನೆಲದ ಮೇಲೆ. ಕಲ್ಲುಗಳನ್ನು ಒಂದು ಮೀನು ಇನ್ನೊಂದರ ಕಣ್ಣಿಗೆ ಬೀಳದಂತೆ ಜೋಡಿಸಬೇಕು; ಕಾಣದ ನೆರೆಯವನೊಡನೆ ಜಗಳ ಕಡಿಮೆ. ಇದಕ್ಕೆ ನಮ್ಮ ತಾಂಡೂರಿನ ಕಲ್ಲು ಒದಗಿಬರುತ್ತದೆ. ಅದು ಸುಣ್ಣಕಲ್ಲು, ನೀರನ್ನು ಗಡಸು ಮಾಡುತ್ತದೆ. ಆದ್ದರಿಂದ ಗಡಸು ನೀರಿನ ಮಲಾವಿ ಸರೋವರದ ಮೀನುಗಳಿಗೆ ಒಗ್ಗುತ್ತದೆ, ಅಮೆಜಾನಿನ ಮೆದು ನೀರಿನ ಮೀನುಗಳಿಗೆ ಅಷ್ಟಾಗಿ ಒಗ್ಗದು. ಪಾಲಿಶ್ ಮಾಡದ ತುಂಡುಗಳನ್ನು ತಂದು, ಚೂಪು ಅಂಚುಗಳನ್ನು ತಿಕ್ಕಿ, ತೊಟ್ಟಿಯ ತಳದ ಮೇಲೇ ಭದ್ರವಾಗಿ ನಿಲ್ಲಿಸಬೇಕು. ಮರಳಿನ ಮೇಲಿಟ್ಟರೆ ಮೀನು ಮರಳು ತೋಡಿ ಕಲ್ಲನ್ನು ಉರುಳಿಸುತ್ತದೆ. ಮೀನುಗಳನ್ನು ಒಂದೇ ದಿನ ಬಿಡುವುದು ಉತ್ತಮ; ಸಾಧ್ಯವಿಲ್ಲದಿದ್ದರೆ ಸಾಧುವನ್ನು ಮೊದಲು, ಜೋರಿನದನ್ನು ಕೊನೆಗೆ. ಹೊಸದನ್ನು ಬಿಡುವಾಗ ಕಲ್ಲುಗಳ ಸ್ಥಾನವನ್ನು ಬದಲಿಸಿದರೆ ಹಳೆಯವುಗಳ ಹದ್ದು ಅಳಿಸಿಹೋಗಿ ಎಲ್ಲವೂ ಸಮನಾಗಿ ಮೊದಲಿನಿಂದ ಆರಂಭಿಸುತ್ತವೆ.

ಮಲಾವಿ ಮೀನುಗಳನ್ನು ಸಾಕುವವರು ಬೇಕೆಂದೇ ಒತ್ತಾಗಿ ತುಂಬುವುದುಂಟು. ಆ ಗದ್ದಲದಲ್ಲಿ ಯಾವುದಕ್ಕೂ ಹದ್ದು ಹಾಕಲು ಆಗುವುದಿಲ್ಲ, ಏಟು ಒಂದರ ಮೇಲೆಯೇ ಬೀಳದೆ ಹಂಚಿಹೋಗುತ್ತದೆ. ಆದರೆ ಅದು ಬಲವಾದ ಫಿಲ್ಟರ್ ಇಟ್ಟು, ವಾರವಾರವೂ ಕಾಲುಭಾಗಕ್ಕಿಂತ ಹೆಚ್ಚು ನೀರು ಬದಲಿಸುವವರ ಕೆಲಸ. ಜಗಳವನ್ನು ಅದು ನಿವಾರಿಸುವುದಿಲ್ಲ, ಮುಂದೂಡುತ್ತದೆ ಅಷ್ಟೆ. ಆಸ್ಕರ್, ಕಾನ್ವಿಕ್ಟ್‌ಗಳಿಗೆ ಆ ಉಪಾಯ ಹೊಂದುವುದೂ ಇಲ್ಲ.

ಲೊರೆಂಜ್ ಗುರುತಿಸಿದ ಇನ್ನೊಂದು ಸಂಗತಿ ವಿಚಾರಯೋಗ್ಯ. ಸಿಕ್ಲಿಡ್ ದಂಪತಿಯ ಹದ್ದಿನ ಆಚೆ ಒಂದು ನೆರೆಮೀನು ಇದ್ದಷ್ಟು ಕಾಲ ಗಂಡಿನ ಸಿಟ್ಟು ಅದರ ಕಡೆಗೆ ಹರಿಯುತ್ತದೆ. ಶಾಂತಿ ಬೇಕೆಂದು ಆ ನೆರೆಯದನ್ನು ತೆಗೆದರೆ, ಗಂಡು ತನ್ನ ಹೆಣ್ಣಿನ ಮೇಲೆಯೇ ಬೀಳುವುದುಂಟು. ಹೊರಗಿನವನನ್ನು ತೆಗೆದ ಮಾತ್ರಕ್ಕೆ ಒಳಗೆ ನೆಮ್ಮದಿ ಬರುವುದಿಲ್ಲ. ಅದಕ್ಕೇ ಕೆಲವು ಅನುಭವಿಗಳು ಗಾಜಿನ ಅಡ್ಡಗೋಡೆ ಹಾಕಿ ಎರಡು ಜೋಡಿಗಳನ್ನು ಎದುರುಬದುರು ಇಡುತ್ತಾರೆ.

ಇಷ್ಟಾದರೂ ಹೊಂದದ ಮೀನನ್ನು ಏನು ಮಾಡಬೇಕು? ಬೇರೆ ತೊಟ್ಟಿಯಲ್ಲಿಡಬೇಕು, ಇಲ್ಲವೆ ಅಂಗಡಿಯವನಿಗೆ ಮರಳಿಸಬೇಕು. ಹೊಳೆಗೆ, ಕೆರೆಗೆ ಬಿಡುವುದು ಪುಣ್ಯವೆಂದು ತಿಳಿದವರಿದ್ದಾರೆ, ಅದು ಪುಣ್ಯವಲ್ಲ. ಮಾಂಜ್ರಾ ನದಿ ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಹಾದು, ಇಲ್ಲಿ ಸಿಂಗೂರು ಜಲಾಶಯದಲ್ಲಿ ನಿಂತು, ಗೋದಾವರಿಯ ಕಡೆಗೆ ಹೋಗುತ್ತದೆ. ತಾಂಡೂರಿನ ಕಾಗಿಣಾ ಕಲಬುರಗಿ ಜಿಲ್ಲೆಯಲ್ಲಿ ಭೀಮೆಯನ್ನು ಸೇರುತ್ತದೆ. ಇಲ್ಲಿ ಬಿಟ್ಟ ಮೀನು ಇಲ್ಲೇ ನಿಲ್ಲುವುದಿಲ್ಲ. ತಿಲಾಪಿಯಾವನ್ನು 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರು. ಇಂದು ದೇಶದ ಅಸಂಖ್ಯ ಕೆರೆ, ಜಲಾಶಯಗಳಲ್ಲಿ ಅದು ನೆಲೆಯೂರಿ ಸ್ಥಳೀಯ ಮೀನುಗಳ ಎಡೆಯನ್ನು ಆಕ್ರಮಿಸಿದೆ. ತೊಟ್ಟಿಯಲ್ಲಿ ಒಂದು ಮೀನನ್ನು ಕೊಲ್ಲುವ ತಪ್ಪನ್ನು ಹೊಳೆಯಲ್ಲಿ ಸಾವಿರ ಮಡಿ ಮಾಡಬಾರದು.

ಕೊನೆಗೆ, ಸಾಹಿತ್ಯದ ಮಾತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಬೀದರ್ ಜಿಲ್ಲೆಯ ಜಹೀರಾಬಾದ್ ತಾಲೂಕಿನ ಬಹುಭಾಗ, ನಾರಾಯಣಖೇಡ್ ತಾಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಆದ್ದರಿಂದ ಮೀನುತೊಟ್ಟಿಯನ್ನು ಕಂಡೊಡನೆ ಇಲ್ಲಿನ ಭಾಷೆಗಳಿಗೆ ಹೋಲಿಸುವ ಆಸೆ ನಿಮಗೆ ಹುಟ್ಟುವುದು ಸಹಜ. ಆ ಆಸೆಯನ್ನು ತುಸು ತಡೆಯಿರಿ. ಭಾಷೆಗಳು ಮೀನುಗಳಲ್ಲ, ಒಂದೇ ನಾಲಿಗೆಯ ಮೇಲೆ ಮೂರು ಭಾಷೆ ಕಚ್ಚಾಡದೆ ಬಾಳುತ್ತವೆ, ಇಲ್ಲಿನ ಯಾವ ಮನೆಗೆ ಹೋದರೂ ಇದು ಕೇಳಿಸುತ್ತದೆ. ಮೀನುಗಳೂ ನಮ್ಮ ಉಪಮೆಗಾಗಿ ಹುಟ್ಟಿದವಲ್ಲ. ಕರಿಮೀನು ಮತ್ತು ಅದರ ಬಂಧುವಾದ ಕಿತ್ತಳೆ ಬಣ್ಣದ ಪುಟ್ಟ ಸಿಕ್ಲಿಡ್ ಒಂದೇ ಹಿನ್ನೀರಿನಲ್ಲಿ ಬಾಳುತ್ತವೆ. ಪುಟ್ಟದು ಕರಿಮೀನಿನ ಮೊಟ್ಟೆಗಳನ್ನು ಕದ್ದು ತಿನ್ನುತ್ತದೆ. ಅದೇ ಪುಟ್ಟದು ಕರಿಮೀನಿನ ಮೈಗೆ ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ಶುಚಿಮಾಡುತ್ತದೆ. ಇದು ಹಗೆಯೋ ಕೆಳೆಯೋ? ನಮ್ಮ ಯಾವ ಸಿದ್ಧ ಉಪಮೆಯೂ ಇದನ್ನು ಹಿಡಿಯಲಾರದು.

ಉಪಮಾನವನ್ನು ಬಳಸುವವನು ಉಪಮಾನದ ವಸ್ತುವನ್ನು ಕಣ್ಣಾರೆ ಕಂಡಿರಬೇಕು. ಮತ್ಸ್ಯನ್ಯಾಯಕ್ಕೆ ಶಾಸ್ತ್ರಕಾರರು ಹೇಳಿದ ಮದ್ದು ದಂಡ. ಹದ್ದಿನ ಜಗಳಕ್ಕೆ ಬೇಕಾದ ಮದ್ದು ಎಡೆ. ರೋಗದ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಎಡೆ ಕೊಡಬೇಕಾದಲ್ಲಿ ನಾವು ಜೋರಿನ ಮೀನನ್ನು ಬೈದು ಕೂರುತ್ತೇವೆ. ಯಾರದಾದರೂ ಮನೆಯಲ್ಲಿ ತೊಟ್ಟಿಯಿದ್ದರೆ ಒಂದು ತಿಂಗಳು ಅದರ ಮುಂದೆ ಕುಳಿತು, ಯಾವ ಮೀನು ಯಾವ ಕಲ್ಲನ್ನು ಕಾಯುತ್ತದೆ, ಸೋತದ್ದು ಎಲ್ಲಿಗೆ ಹೋಗಲೆತ್ನಿಸುತ್ತದೆ ಎಂಬುದನ್ನು ನೋಡಿ ಕನ್ನಡದಲ್ಲಿ ಎರಡು ಪುಟ ಬರೆಯಿರಿ. ಮತ್ಸ್ಯನ್ಯಾಯ ಎಂಬ ಮಾತನ್ನು ಬಳಸದೆ ಬರೆಯಿರಿ. ಅಂಥ ಬರಹವನ್ನು ಮುಂದಿನ ಸಂಚಿಕೆಗೆ ಸಂತೋಷದಿಂದ ತೆಗೆದುಕೊಳ್ಳುತ್ತೇವೆ.