ಚೊಕ್ಕ ಪಟ್ಟಣವನ್ನು ಚೊಕ್ಕ ಮಾಡಿದವರು ಯಾರು?



ಕಳೆದ ತಿಂಗಳು ನಮ್ಮ ಎಸ್ಟೇಟಿನಲ್ಲಿ ಮಸ್ಟರ್ ಜಾಗದ ಮುಂದೆ ಸ್ವಚ್ಛತೆಯ ಸಭೆ ನಡೆಯಿತು. ಪಟ್ಟಣದಿಂದ ಬಂದಿದ್ದ ಮಹನೀಯರೊಬ್ಬರು ಮುಕ್ಕಾಲು ಗಂಟೆ ಮಾತನಾಡಿದರು. ಸಿಂಗಪುರದ ಬೀದಿಯಲ್ಲಿ ಒಂದು ಕಾಗದದ ಚೂರೂ ಕಾಣುವುದಿಲ್ಲವಂತೆ. ಉಗುಳಿದರೆ ದಂಡವಂತೆ. ಅಲ್ಲಿಯ ಜನ ಶಿಸ್ತಿನವರಂತೆ. "ನಿಮ್ಮ ಲೈನುಗಳನ್ನು ನೋಡಿದರೆ ನಾಚಿಕೆಯಾಗುತ್ತದೆ. ಮೊದಲು ನಿಮ್ಮ ಬುದ್ಧಿ ಶುದ್ಧವಾಗಬೇಕು" ಎಂದು ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಲೈನಿಗೆ ಮರಳುವ ದಾರಿಯಲ್ಲಿ, ಮೂವತ್ತೈದು ವರ್ಷ ಚಹಾ ಚಿಗುರು ಕಿತ್ತ ಅಜ್ಜಿಯೊಬ್ಬರು ಕೇಳಿದರು: "ಉಪದೇಶಿಗಳೇ, ಆ ಊರಿನ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದಂತೆ?"

ನನಗೆ ಉತ್ತರ ತೋಚಲಿಲ್ಲ. ನಮ್ಮಲ್ಲಿ 22 ಮನೆಗೆ ಒಂದು ನಲ್ಲಿ. ಬೆಳಿಗ್ಗೆ ಮುಕ್ಕಾಲು ಗಂಟೆ ನೀರು. ಮಹನೀಯರ ಭಾಷಣವೂ ಅಷ್ಟೇ ಹೊತ್ತು. ಅಂದು ಕೊಡಲಾಗದ ಉತ್ತರವನ್ನು ಓದಿ ತಿಳಿದು ಇಲ್ಲಿ ಬರೆಯುತ್ತಿದ್ದೇನೆ.

ಜನರ ಬುದ್ಧಿ ಶುದ್ಧವಾದದ್ದರಿಂದ ಪಟ್ಟಣ ಶುದ್ಧವಾಯಿತೇ? ಲಂಡನ್ನನ್ನು ನೋಡಿ. 1849ರಲ್ಲೂ 1854ರಲ್ಲೂ ಅಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಇಡೀ ಪಟ್ಟಣದ ಮಲ ಥೇಮ್ಸ್ ನದಿಗೆ ಬೀಳುತ್ತಿತ್ತು. ಅದೇ ನದಿಯ ನೀರನ್ನು ಬಡವರು ಕುಡಿಯುತ್ತಿದ್ದರು. ಆಗ ಯಾರಿಗೂ ಅವಸರವಾಗಲಿಲ್ಲ. 1858ರ ಬೇಸಗೆಯಲ್ಲಿ ನದಿ ನಾರಿ, ದಡದಲ್ಲಿದ್ದ ಪಾರ್ಲಿಮೆಂಟಿನ ಒಳಗೆ ಸದಸ್ಯರು ಕೂರಲಾಗದೆ ಹೋಯಿತು. ಕೆಲವೇ ವಾರಗಳಲ್ಲಿ ಕಾನೂನೂ ಬಂತು, ಹಣವೂ ಬಂತು! ಬ್ಯಾಜಲ್ಜೆಟ್ ಎಂಬ ಇಂಜಿನಿಯರ್ ನೆಲದಡಿಯಲ್ಲಿ 130 ಕಿಲೋಮೀಟರಿಗೂ ಉದ್ದದ ದೊಡ್ಡ ಮೋರಿಗಳನ್ನು ಕಟ್ಟಿಸಿದರು. 1866ರಲ್ಲಿ ಮತ್ತೆ ಕಾಲರಾ ಬಂದಾಗ ಅದು ಹೆಚ್ಚು ಜನರನ್ನು ಕೊಂದದ್ದು ಪೂರ್ವ ಲಂಡನ್ನಿನ ಬಡವರ ಕೇರಿಗಳಲ್ಲಿ. ಹೊಸ ಮೋರಿಯ ಕೆಲಸ ಅಲ್ಲಿ ಇನ್ನೂ ಮುಗಿದಿರಲಿಲ್ಲ. ಮೋರಿ ಇದ್ದ ಕಡೆಯವರು ಬದುಕಿದರು, ಇಲ್ಲದ ಕಡೆಯವರು ಸತ್ತರು. ಇದರಲ್ಲಿ ಬುದ್ಧಿಯ ಮಾತೆಲ್ಲಿ ಬಂತು?

ಮೋರಿ ಕಟ್ಟಿದರೆ ಸಾಲದು, ದಿನವೂ ಗುಡಿಸುವವರು ಬೇಕು. ಅದಕ್ಕೆ ಅಮೆರಿಕದ ನ್ಯೂಯಾರ್ಕ್ ಸಾಕ್ಷಿ. 1895ಕ್ಕೆ ಮೊದಲು ಆ ಪಟ್ಟಣದ ಬೀದಿಗಳಲ್ಲಿ ಕುದುರೆ ಲದ್ದಿ, ಬೂದಿ, ಕಸ ರಾಶಿ ಬಿದ್ದಿರುತ್ತಿತ್ತು. ಗುಡಿಸುವ ಕೆಲಸವನ್ನು ರಾಜಕೀಯದವರು ತಮ್ಮ ಬೆಂಬಲಿಗರಿಗೆ ಹಂಚುತ್ತಿದ್ದರು. 1895ರ ಜನವರಿಯಲ್ಲಿ ಜಾರ್ಜ್ ವೇರಿಂಗ್ ಎಂಬ ಮಾಜಿ ಸೇನಾಧಿಕಾರಿ ಬೀದಿ ಗುಡಿಸುವ ಇಲಾಖೆಯ ಮುಖ್ಯಸ್ಥರಾದರು. ಅವರು ಯೂನಿಯನ್ನಿನ ಮನುಷ್ಯರಲ್ಲ, ದಂಡಿನ ಶಿಸ್ತಿನವರು. ಆದರೂ ಏನು ಮಾಡಿದರು? ಶಿಫಾರಸಿನ ನೇಮಕ ನಿಲ್ಲಿಸಿದರು. ಗುಡಿಸುವವರಿಗೆ ವೈದ್ಯರಂತೆ ಬಿಳಿಯ ಸಮವಸ್ತ್ರ ಕೊಟ್ಟರು. ಕಾರ್ಮಿಕರೇ ಚುನಾಯಿಸಿದ 41 ಮಂದಿಯ ಸಮಿತಿಯ ಮೂಲಕ ದೂರುಗಳನ್ನು ಕೇಳುವ ಏರ್ಪಾಡು ಮಾಡಿದರು. 1896ರಲ್ಲಿ ಅದೇ ಕಾರ್ಮಿಕರು ಬಿಳಿ ಉಡುಪಿನಲ್ಲಿ ರಾಜಬೀದಿಯಲ್ಲಿ ಮೆರವಣಿಗೆ ಹೋದಾಗ ಜನ ನಿಂತು ನೋಡಿದರು. ಜನರು ಹಳೆಯ ಜನರೇ, ಕುದುರೆಗಳು ಹಳೆಯ ಕುದುರೆಗಳೇ. ಬದಲಾದದ್ದು ಗುಡಿಸುವವನ ಸ್ಥಾನ. ಎರಡು ಮೂರು ವರ್ಷಗಳಲ್ಲಿ ಬೀದಿಗಳು ಗುರುತು ಸಿಗದಷ್ಟು ಚೊಕ್ಕವಾದವು.

ಅದೇ ಪಟ್ಟಣದಲ್ಲಿ 1968ರ ಫೆಬ್ರವರಿಯಲ್ಲಿ ಕಸದ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದರು. ದಿನಕ್ಕೆ ಸುಮಾರು 10,000 ಟನ್ ಕಸ ಬೀದಿಯಲ್ಲೇ ಉಳಿಯಿತು. ಪಟ್ಟಣವಾಸಿಗಳ ಶಿಸ್ತು ಆ ಒಂಬತ್ತು ದಿನ ಎಲ್ಲಿಗೆ ಹೋಗಿತ್ತು?

ಅದೇ ತಿಂಗಳ ಮೊದಲ ದಿನ ಮೆಂಫಿಸ್ ಪಟ್ಟಣದಲ್ಲಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕರಿಯ ಕಾರ್ಮಿಕರು ಮಳೆಗೆ ಕಸದ ಲಾರಿಯೊಳಗೆ ಆಶ್ರಯ ಪಡೆದಿದ್ದಾಗ ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಜನ ಕೆಲಸ ಬಿಟ್ಟು ಹೊರಬಂದರು. ತಾವೂ ಮನುಷ್ಯರು ಎಂಬ ಒಂದೇ ಮಾತನ್ನು ಹಲಗೆಯ ಮೇಲೆ ಬರೆದು ಹಿಡಿದು ನಡೆದರು. ಅವರ ಬೆಂಬಲಕ್ಕೆ ಬಂದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಾಡಳಿತ ಯೂನಿಯನ್ನನ್ನು ಒಪ್ಪಿಕೊಂಡಿತು, ಕೂಲಿಯನ್ನೂ ಏರಿಸಿತು.

ಇನ್ನು ಮಹನೀಯರ ಸಿಂಗಪುರ. ದಂಡವಿರುವುದು ನಿಜ. 1968ರಲ್ಲಿ ಅಲ್ಲಿಯ ಸರ್ಕಾರ ದೊಡ್ಡ ಸ್ವಚ್ಛತಾ ಚಳವಳಿ ಆರಂಭಿಸಿತು. ಆದರೆ ದಂಡದ ಜೊತೆಗೆ ಇನ್ನೇನು ಮಾಡಿತು ಎಂಬುದನ್ನು ಅವರು ಹೇಳಲಿಲ್ಲ. ಗುಡಿಸಲಲ್ಲಿದ್ದವರಿಗೆ ಸರ್ಕಾರವೇ ನಲ್ಲಿ, ಕಕ್ಕಸು, ಒಳಚರಂಡಿ ಇರುವ ಮನೆಗಳನ್ನು ಲಕ್ಷಗಟ್ಟಲೆ ಕಟ್ಟಿಸಿತು. ಬೀದಿಯಲ್ಲಿ ತಿಂಡಿ ಮಾರುವವರಿಗೆ ನೀರಿನ ಸೌಕರ್ಯವುಳ್ಳ ಮಾರುಕಟ್ಟೆ ಕಟ್ಟಿಸಿತು. 1977ರಿಂದ 1987ರವರೆಗೆ ಹತ್ತು ವರ್ಷ ದುಡಿದು ನಾರುತ್ತಿದ್ದ ನದಿಯನ್ನು ತೊಳೆಯಿತು. ಮಲವನ್ನು ಬಕೆಟ್ಟಿನಲ್ಲಿ ಹೊರುವ ಪದ್ಧತಿ ಅಲ್ಲಿ ಪೂರ್ತಿ ನಿಂತದ್ದೂ 1987ರಲ್ಲಿಯೇ. ಮೊದಲು ತೊಟ್ಟಿ ಇಟ್ಟು ಆಮೇಲೆ ದಂಡ ಹಾಕುವುದು ನ್ಯಾಯ. ತೊಟ್ಟಿಯನ್ನೇ ಇಡದೆ ದಂಡ ಹಾಕುವುದು ಸುಲಿಗೆ.

ಇಂದಿಗೂ ಆ ಊರನ್ನು ಮುಂಜಾನೆ ಗುಡಿಸುವವರಲ್ಲಿ ಅನೇಕರು ವಯಸ್ಸಾದವರು, ಹೊರದೇಶದಿಂದ ಬಂದ ಕೂಲಿಗಳು. ಅಲ್ಲಿಯೂ ಕಾರ್ಮಿಕನ ಕೋಣೆಯ ಬಾಗಿಲಲ್ಲಿ ಸ್ವಚ್ಛತೆ ನಿಂತುಬಿಟ್ಟಿತ್ತು. 2020ರಲ್ಲಿ ಕೊರೊನಾ ಬಂದಾಗ ಸಿಂಗಪುರದ ಸೋಂಕಿತರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ, ಒಂದೇ ಕೋಣೆಯಲ್ಲಿ ಹತ್ತಾರು ಜನರಂತೆ ವಾಸವಿದ್ದ ವಲಸೆ ಕಾರ್ಮಿಕರು. ಹೊಳೆಯುವ ಬೀದಿ ಅವರನ್ನು ಕಾಯಲಿಲ್ಲ.

ನಮ್ಮ ದೇಶದ ಮಾತೇನು? ಮಲ ಹೊರಿಸುವುದನ್ನು 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ನಿಷೇಧಿಸಿತು. ಆದರೂ ಒಳಚರಂಡಿಗೆ ಇಳಿದು ಸಾಯುವುದು ನಿಲ್ಲಲಿಲ್ಲ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಬೇಕಾಯಿತು. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಮಲ ತೆಗೆಯುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಅನ್ಯಾಯದ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಆ ದನಿ ಎದ್ದದ್ದು ವೇದಿಕೆಯ ಮೇಲಿನಿಂದಲ್ಲ, ಬಕೆಟ್ಟು ಹೊತ್ತವರ ಮನೆಯಿಂದ.

ತೋಟಗಳಿಗೂ ಕಾನೂನು ಇಲ್ಲದಿಲ್ಲ. ಕುಡಿಯುವ ನೀರು, ಕಕ್ಕಸು, ಮನೆ ಇವು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅದರ ಜಾಗಕ್ಕೆಂದು ಮಾಡಿದ 2020ರ ಸಂಹಿತೆಯಲ್ಲೂ ಆ ಹೊಣೆ ಮಾಲೀಕರದೇ. ಮಹನೀಯರು ನಮ್ಮ ಬುದ್ಧಿಯ ಬಗ್ಗೆ ಮುಕ್ಕಾಲು ಗಂಟೆ ಹೇಳಿದರು. ಈ ಹೊಣೆಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ದೊರೆಗಳು ಕೂತಿದ್ದರು!

ಹಾಗಾದರೆ ನಮ್ಮ ತಪ್ಪೇ ಇಲ್ಲವೇ? ಇದೆ ಬಂಧುಗಳೇ. ಗುಟ್ಕಾ ಚೀಟಿಯನ್ನು ಚರಂಡಿಗೆ ಎಸೆಯುವವರು ನಾವೇ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಮ್ಮ ಲೈನಿನ ಕಕ್ಕಸು ತೊಳೆಯುವ ಕುಟುಂಬದ ಮನೆ ಎಲ್ಲಿದೆ? ಹಳ್ಳದ ಅಂಚಿನಲ್ಲಿ, ಎಲ್ಲರಿಗಿಂತ ಆಚೆ. ಅವರ ಮನೆಯಲ್ಲಿ ಎಷ್ಟು ಜನ ನೀರು ಕುಡಿದಿದ್ದೇವೆ? ದೇವಾಲಯದಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂರುವುದು ಯಾರ ಭಯದಿಂದ? ಶಿಷ್ಯರ ಕಾಲು ತೊಳೆದ ಸ್ವಾಮಿಯ ಹೆಸರನ್ನು ನಾವು ದಿನವೂ ಹೇಳುತ್ತೇವೆ.

ನಾನೂ ನಿರ್ದೋಷಿಯಲ್ಲ. ಹಿಂದಿನ ಬಾರಿ ಯೂನಿಯನ್ನಿನ ಬೇಡಿಕೆ ಪಟ್ಟಿ ಬರೆದವನು ನಾನೇ. ಗುಡಿಸುವವರಿಗೆ ಬೂಟು, ಕೈಗವಸು ಎಂಬುದು ಪಟ್ಟಿಯ ಕೊನೆಯ ಬೇಡಿಕೆಯಾಗಿತ್ತು. ಮಾತುಕತೆಯಲ್ಲಿ ಏನಾದರೂ ಬಿಡಬೇಕಾಗಿ ಬಂದಾಗ ಅದನ್ನೇ ಮೊದಲು ಹೊಡೆದುಹಾಕಿದೆವು. ಗೆರೆ ಎಳೆದದ್ದು ನನ್ನ ಪೆನ್ನು. ಆ ಮನೆಯ ಹೆಂಗಸು ಈ ಮಳೆಗಾಲದಲ್ಲೂ ಬರಿಗಾಲಿನಲ್ಲಿ ಕಕ್ಕಸು ತೊಳೆದಳು.

ಆದ್ದರಿಂದ ಮುಂದಿನ ಸಭೆಯಲ್ಲಿ ಮೂರು ಮಾತು ತೀರ್ಮಾನವಾಗಲಿ. ನೀರು ಮತ್ತು ಕಕ್ಕಸು ಬೇಡಿಕೆ ಪಟ್ಟಿಯ ಮೊದಲ ಸಾಲಿಗೆ ಬರಲಿ. ಬೂಟು, ಕೈಗವಸು ಅದರ ಜೊತೆಯಲ್ಲೇ ಇರಲಿ, ಯಾವ ಚೌಕಾಸಿಗೂ ಬಿಟ್ಟುಕೊಡುವುದು ಬೇಡ. ಗುಡಿಸುವವರಲ್ಲಿ ಒಬ್ಬರು ಚುನಾಯಿತರಾಗಿ ನಮ್ಮ ಸಮಿತಿಯಲ್ಲಿ ಕೂರಲಿ. ನ್ಯೂಯಾರ್ಕಿನಲ್ಲಿ ಒಬ್ಬ ಸೇನಾಧಿಕಾರಿಗೆ ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ತಿಳಿದದ್ದು ಯೂನಿಯನ್ನಿನವರಾದ ನಮಗೆ ತಿಳಿಯಬಾರದೇ?

ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ. ಸಿಂಗಪುರದ ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೀರು ಬರುತ್ತದೆ. ಮುಂದಿನ ಸಲ ಆ ಮಹನೀಯರು ಬಂದಾಗ ಚಪ್ಪಾಳೆ ತಟ್ಟುವ ಮೊದಲು ನಾವೆಲ್ಲ ಎದ್ದು ನಿಂತು ಅಜ್ಜಿಯ ಪ್ರಶ್ನೆಯನ್ನೇ ಕೇಳೋಣ. ದೊರೆಗಳ ಮುಂದೆಯೇ ಕೇಳೋಣ.