ಚೆಂದದ ಬಾಲ್ಯದ ಖರ್ಚು ಹೊತ್ತವರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಅರವತ್ತು ದಾಟಿದವರು ನಾಲ್ಕು ಜನ ಸೇರಿದರೆ ಮಾತು ಬಾಲ್ಯದತ್ತ ಹೊರಳುತ್ತದೆ. ಅರ್ಕಾವತಿಯಲ್ಲಿ ಈಜಿದ್ದು, ಕೆಂಗಲ್ ಜಾತ್ರೆಗೆ ಹೋದದ್ದು, ರಾಮದೇವರ ಬೆಟ್ಟದಲ್ಲಿ ‘ಶೋಲೆ’ ಚಿತ್ರೀಕರಣ ನೋಡಲು ಶಾಲೆ ತಪ್ಪಿಸಿ ಓಡಿದ್ದು, ರಾತ್ರಿ ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಲೇ ನಿದ್ದೆ ಹೋದದ್ದು. ಕೊನೆಗೆ ಬರುವ ತೀರ್ಪು ಒಂದೇ: ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ, ಮೊಬೈಲು ಹಿಡಿದು ಕೂತುಬಿಟ್ಟಿವೆ. ಆ ನೆನಪುಗಳು ಸುಳ್ಳೆಂದು ನಾನು ಹೇಳಲಾರೆ. ಆದರೆ ಅವುಗಳನ್ನೇ ಆಧಾರ ಮಾಡಿಕೊಂಡು ಕೊಡುವ ಈ ತೀರ್ಪನ್ನು, ಹಿರಿಯರ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡೇ, ಒಪ್ಪಲಾರೆ.

ಮಗುವಿನ ನೆನಪು ತನಗೆ ಸಿಕ್ಕಿದ್ದನ್ನು ಉಳಿಸಿಕೊಳ್ಳುತ್ತದೆ. ಅದನ್ನು ಯಾರು ಒದಗಿಸಿದರು, ಎಷ್ಟು ದಣಿದು ಒದಗಿಸಿದರು ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಆ ಹುಳು ಮನೆಯನ್ನೇ ನೋಡಿ. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ನಾಲ್ಕು ವಾರ. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ, ದಾಟಿದ ಮೇಲಿನ ಕೊನೆಯ ವಾರದಲ್ಲೇ ಅದು ತನ್ನ ಆಯುಷ್ಯದ ಒಟ್ಟು ಸೊಪ್ಪಿನ ಶೇಕಡ 80ರಷ್ಟನ್ನು ತಿನ್ನುತ್ತದೆ. ಆಗ ಮನೆಯವರಿಗೆ ಹಗಲು ರಾತ್ರಿಯ ವ್ಯತ್ಯಾಸವಿರುವುದಿಲ್ಲ. ಹಿಪ್ಪುನೇರಳೆ ತೋಟದಿಂದ ಹೊರೆ ಹೊತ್ತು ತರಬೇಕು, ಹಿಕ್ಕೆ ತೆಗೆಯಬೇಕು, ನಡುರಾತ್ರಿ ಎದ್ದು ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಈ ಕೆಲಸದ ಬಹುಪಾಲು ಹೆಂಗಸರದು. ಮಗನಿಗೆ ಜೋಗುಳದಂತೆ ಕೇಳಿದ ಸದ್ದು ತಾಯಿಗೆ ಮುಂದಿನ ಸರದಿಯ ಸೊಪ್ಪಿನ ಎಚ್ಚರಿಕೆಯಾಗಿತ್ತು. ಒಂದೇ ಸೂರಿನ ಕೆಳಗೆ ಒಂದೇ ರಾತ್ರಿಯ ಎರಡು ನೆನಪುಗಳಿವು. ನಾವು ಒಂದನ್ನು ಮಾತ್ರ ಹೇಳಿಕೊಂಡು ಬಂದಿದ್ದೇವೆ.

ಗೂಡು ಮಾರುಕಟ್ಟೆ ದಾಟಿದ ಮೇಲಿನ ಕಥೆ ಇನ್ನೂ ಕಠಿಣ. ನೂಲು ಬಿಚ್ಚಬೇಕಾದರೆ ಗೂಡನ್ನು ಬೇಯಿಸಬೇಕು, ಆ ಬಿಸಿ ನೀರಿನೊಳಗೆ ಎಳೆಯ ತುದಿ ಹುಡುಕಬೇಕು. ಕರ್ನಾಟಕದ ರೇಷ್ಮೆ ಊರುಗಳಲ್ಲಿ ಈ ಕೆಲಸಕ್ಕೆ, ನೂಲು ಹುರಿ ಮಾಡುವ ಕೆಲಸಕ್ಕೆ ದಶಕಗಳ ಕಾಲ ಮಕ್ಕಳನ್ನು ಹಚ್ಚಲಾಗುತ್ತಿತ್ತು. ಹೆತ್ತವರು ಪಡೆದ ಮುಂಗಡಕ್ಕೆ ಮಗು ದುಡಿದು ತೀರಿಸಬೇಕು. ಜೀತ ರದ್ದತಿ ಕಾಯ್ದೆ 1976ರಲ್ಲೇ ಬಂದಿತ್ತು, ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂತು. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಮೇಲೆಯೇ ಒಂದು ಇಡೀ ವರದಿ ಪ್ರಕಟಿಸಬೇಕಾಯಿತು. ಕರ್ನಾಟಕದ ಮಕ್ಕಳ ಹೇಳಿಕೆಗಳೂ ಅದರಲ್ಲಿವೆ. ಅಂಗೈ ಬೊಬ್ಬೆಯೆದ್ದ ಆ ಮಕ್ಕಳಿಗೂ ಅದೇ ವರ್ಷಗಳು ಬಾಲ್ಯದ ವರ್ಷಗಳೇ. ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಅವರ ದನಿ ಕೇಳದಿರುವುದಕ್ಕೆ ಕಾರಣ ಸರಳ: ಅವರು ವಿದ್ಯಾರ್ಥಿಗಳಾಗಿರಲೇ ಇಲ್ಲ.

ಈ ನೆಲದಲ್ಲಿ ಬಾಲ್ಯವನ್ನು ನಿಜವಾಗಿ ಬರೆದವರೇ ಇಲ್ಲವೆಂದಲ್ಲ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಆರಂಭದಲ್ಲೇ ಒಂದು ನೋಟವನ್ನು ಮುಂದಿಡುತ್ತದೆ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ. ಹುಡುಗನಿಗೆ ಅದು ಮೊದಲು ಮೋಜಿನ ದೃಶ್ಯ. ಆ ಇಬ್ಬರಲ್ಲಿ ಒಬ್ಬರು ತನ್ನ ತಂದೆ ಎಂದು ತಿಳಿದಾಗ ಮೋಜು ಸಂಕಟವಾಗುತ್ತದೆ. ಹಾಗೆಂದು ಆ ಪುಸ್ತಕ ಗೋಳಿನ ಕಂತೆಯೇನಲ್ಲ, ಅದರಲ್ಲಿ ನಗುವೂ ಧಾರಾಳವಾಗಿದೆ. ನಗುವನ್ನು ಹೇಳುವಾಗ ನೊಗವನ್ನು ಮರೆಯದಿರುವುದು ಸಾಧ್ಯ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನು ಹಿರಿಯರ ವಾದದ ಬಲವಾದ ಭಾಗಕ್ಕೆ ಬರೋಣ. ಆಗ ಹೊಳೆಯಿತ್ತು, ಕೆರೆಯಿತ್ತು, ಮಕ್ಕಳು ಬಯಲಲ್ಲಿ ಬೆಳೆದರು ಎನ್ನುತ್ತಾರೆ. ನಿಜ, ಇದು ದೊಡ್ಡ ನಷ್ಟ. ಹೊಳೆಗೆ ಬಿದ್ದವರು ಹೆಚ್ಚಾಗಿ ಗಂಡುಮಕ್ಕಳು, ಅದೇ ಹೊತ್ತಿಗೆ ಅಕ್ಕತಂಗಿಯರು ಬಿಂದಿಗೆ ಹೊರುತ್ತಿದ್ದರು ಎಂಬುದನ್ನು ಸೇರಿಸಿಕೊಂಡ ಮೇಲೂ ನಷ್ಟ ನಷ್ಟವೇ. ಆದರೆ ಹೊಳೆಯನ್ನು ಕಳೆದವರು ಯಾರು? ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬಿಡದಿ ಬಳಿಯ ಭೈರಮಂಗಲ ಕೆರೆ ತುಂಬಿ, ಮುಂದೆ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿಯ ಮೇಲ್ದಂಡೆಯಲ್ಲಿ ನೀರಿನ ಹರಿವೇ ಕುಸಿಯಲು ಕೊಳವೆ ಬಾವಿಗಳೂ ನೀಲಗಿರಿ ತೋಪುಗಳೂ ಕಾರಣವೆಂದು ಸಂಶೋಧಕರು ಹೇಳುತ್ತ ಬಂದಿದ್ದಾರೆ. ಇವುಗಳಲ್ಲಿ ಒಂದು ನಿರ್ಧಾರವೂ ಮಕ್ಕಳದಲ್ಲ. ಈಜಿ ಬೆಳೆದ ತಲೆಮಾರೇ ಆಡಳಿತ ನಡೆಸಿದ ಕಾಲದಲ್ಲಿ ನೀರು ಕೆಟ್ಟಿತು. ಕೊಳಚೆಯಲ್ಲಿ ಇಳಿಯದ ಮಗುವನ್ನು ಮೊಬೈಲಿನ ಗುಲಾಮ ಎಂದು ಜರಿಯುವುದು ನ್ಯಾಯವಲ್ಲ. ‘ನಿಮ್ಮ ಕಾಲದ ಹೊಳೆ ನನಗೇಕೆ ಉಳಿಯಲಿಲ್ಲ’ ಎಂದು ಕೇಳುವ ಹಕ್ಕು ಅದಕ್ಕಿದೆ.

ಪಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಧ್ಯಾಹ್ನದ ಬಿಸಿಯೂಟ 2003ರ ಹೊತ್ತಿಗೆ ರಾಜ್ಯದ ಈ ಭಾಗದ ಶಾಲೆಗಳಿಗೂ ಬಂತು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಸಿಕ್ಕಿತು. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾಯಿತು. ಕನಕಪುರದ ಕಾಡಂಚಿನ ಹಳ್ಳಿಯ ಹುಡುಗಿಗೆ ಆ ಬಿಸಿಯೂಟ, ಆ ಸೈಕಲ್ಲು ಎಂದರೆ ಏಳನೇ ತರಗತಿಗೇ ಓದು ನಿಲ್ಲದಿರುವ ಅವಕಾಶ. ಅವಳ ಅಜ್ಜಿಯ ಬಾಲ್ಯದಲ್ಲಿ ಹೊಳೆಯಿತ್ತು, ಈ ಅವಕಾಶವಿರಲಿಲ್ಲ. ಎರಡನ್ನೂ ಒಟ್ಟಿಗೆ ಬಯಸುವುದು ಅತಿಯಾಸೆಯಲ್ಲ.

ಹಾಗಾಗಿ ಹಿರಿಯರು ನೆನಪು ಹೇಳುವುದನ್ನು ನಿಲ್ಲಿಸಲಿ ಎಂಬುದು ನನ್ನ ಮಾತಲ್ಲ. ಇನ್ನಷ್ಟು ಹೇಳಲಿ, ಪೂರ್ತಿಯಾಗಿ ಹೇಳಲಿ. ಹೆದ್ದಾರಿ ಬದಿಯ ಜಾನಪದ ಲೋಕದಲ್ಲಿ ಎಚ್.ಎಲ್. ನಾಗೇಗೌಡರು ಹಳೆಯ ಬದುಕಿನ ಪರಿಕರಗಳನ್ನು ಜತನದಿಂದ ಕೂಡಿಟ್ಟರು. ಆ ಬಗೆಯ ಪರಿಕರಗಳನ್ನು ಹಿಡಿದು ದುಡಿದ ಹಲವರು ಈಗಲೂ ನಮ್ಮ ನಡುವೆ ಇದ್ದಾರೆ. ಶಾಲೆಯ ಸ್ಮರಣ ಸಂಚಿಕೆ ತರುವವರು ಶಾಲೆ ಬಿಟ್ಟವರನ್ನೂ ಕೇಳಿ ಬರೆಯಲಿ. ಬಾಲ್ಯ ನೆನೆಯುವ ಅಣ್ಣಂದಿರು ತಮ್ಮ ಅಕ್ಕಂದಿರಿಗೆ ಮೊದಲು ಮಾತು ಬಿಟ್ಟುಕೊಡಲಿ. ನೂಲು ಬಿಚ್ಚುವ ಫಿಲೇಚರಿನಲ್ಲಿ ಬೆಳೆದವರ ಹೇಳಿಕೆ ನಮ್ಮ ಊರಿನ ಇತಿಹಾಸವೆಂದೇ ದಾಖಲಾಗಲಿ. ಹೀಗೆ ಕೂಡಿಸಿದ ನೆನಪು ಮಕ್ಕಳ ಮೇಲಿನ ದೂರಾಗುವುದಿಲ್ಲ. ಅವರಿಗೆ ನಾವು ತೀರಿಸಬೇಕಾದ ಬಾಕಿಯ ಪಟ್ಟಿಯಾಗುತ್ತದೆ. ಆ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಅರ್ಕಾವತಿಯ ನೀರು.