ಸ್ಟೀರಿಂಗಿಗೆ ಯಾವ ಹೊದಿಕೆ?

ಮನೆ-ಸಂಸಾರ



ಕಳೆದ ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ಮಾತನಾಡುತ್ತಾ ನಿಂತಿದ್ದೆ. ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಹತ್ತಿರ ಬಂದು, "ಅಂಕಲ್, ಒಂದು ಹಳೇ ಕಾರು ತಗೊಂಡಿದ್ದೀನಿ. ಸ್ಟೀರಿಂಗ್ ಮೇಲಿನದೆಲ್ಲಾ ಸುಲಿದುಹೋಗಿ ಕೈಗೆ ಕಪ್ಪು ಅಂಟುತ್ತೆ. ಲೆದರ್ ಹಾಕಿಸಲೋ, ರೆಕ್ಸಿನ್ ಸಾಕೋ?" ಎಂದು ಕೇಳಿದ. ನಿಂತ ನಿಲುವಿನಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು. ಹಾಗೆಂದು ಹೇಳದೆ ಬಿಡಲೂ ಮನಸ್ಸಾಗಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿನ್ನುವುದರಲ್ಲಿದ್ದವನು.

ನಮ್ಮ ತಾಳವಾಡಿ ಸೀಮೆಯವರಿಗೆ ದಿಂಬಂ ಘಾಟಿಯನ್ನು ಪರಿಚಯಿಸಬೇಕಾಗಿಲ್ಲ. ದಿಂಬಂನಿಂದ ಬಣ್ಣಾರಿಗೆ ಇಳಿಯುವಷ್ಟರಲ್ಲಿ 27 ಹೇರ್‌ಪಿನ್ ತಿರುವುಗಳು. ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಕಣ್ಣಿನ ಪರೀಕ್ಷೆಗೆಂದು ಸತ್ಯಮಂಗಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅದರ ಹಿಂದಿನ ವಾರವಷ್ಟೇ ಒಂದು ಅಂಗಡಿಯಲ್ಲಿ ಹೊಳೆಹೊಳೆಯುವ ಸ್ಟೀರಿಂಗ್ ಕವರ್ ಕೊಂಡು, ನಾನೇ ಎಳೆದು ಸಿಕ್ಕಿಸಿದ್ದೆ. ಸೆಕೆಯ ದಿನ, ಅಂಗೈ ಬೆವೆತಿತ್ತು. ಒಂದು ತಿರುವಿನಲ್ಲಿ ಕೈ ತಿರುಗಿತು, ಕವರ್ ತಿರುಗಿತು, ಸ್ಟೀರಿಂಗ್ ಮಾತ್ರ ತಿರುಗಲಿಲ್ಲ. ಎದುರಿಗೆ ಲಾರಿಯೊಂದು ಏರಿ ಬರುತ್ತಿತ್ತು. ನಾನು ಬ್ರೇಕ್ ಒತ್ತಿದೆ. ಆ ಲಾರಿಯ ಚಾಲಕ ನನಗಿಂತ ಮೊದಲೇ ನಿಲ್ಲಿಸಿದ್ದ. ಅವನ ಪುಣ್ಯದಿಂದ ಉಳಿದುಕೊಂಡೆವು. ಹಿಂದಿನ ಸೀಟಿನಲ್ಲಿ ಜಪಸರ ಹಿಡಿದು ಕೂತಿದ್ದ ಅಮ್ಮ ಏನೂ ಕೇಳಲಿಲ್ಲ. ಬಣ್ಣಾರಿ ತಲುಪಿದ ಮೇಲೆ ಗಾಡಿ ನಿಲ್ಲಿಸಿ, ಆ ಕವರನ್ನು ಬ್ಲೇಡಿನಿಂದ ಕೊಯ್ದು ಕಿತ್ತುಹಾಕಿದೆ.

ಅಂದು ಕಲಿತದ್ದು ಇಷ್ಟೇ: ಹೊದಿಕೆ ಯಾವುದರದ್ದು ಎಂದು ಕೇಳುವ ಮೊದಲು, ಅದು ಚಕ್ರದೊಂದಿಗೆ ಒಂದಾಗಿ ಕೂರುತ್ತದೆಯೇ ಎಂದು ಕೇಳಬೇಕು. ಸಡಿಲವಾಗಿ ಸಿಕ್ಕಿಸಿದ ಅಸಲಿ ಚರ್ಮಕ್ಕಿಂತ ಬಿಗಿಯಾಗಿ ಹೊಲಿದ ಸಾಧಾರಣ ಹೊದಿಕೆಯೇ ಮೇಲು.

ಯಾವ ವಸ್ತು, ಏನು ಗುಣ?

ರೆಕ್ಸಿನ್: ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ ಪದರ ಕೂರಿಸಿದ್ದು. ಎಲ್ಲಕ್ಕಿಂತ ಅಗ್ಗ, ಒರೆಸುವುದೂ ಸುಲಭ. ಆದರೆ ಬೆವರನ್ನು ಹೀರುವುದಿಲ್ಲ, ಕೈ ಜಾರುತ್ತದೆ. ಬಿಸಿಲಿಗೆ ನಿಂತೂ ನಿಂತೂ ಗಡಸಾಗಿ ಬಿರಿಯುತ್ತದೆ.

ಪಿಯು ಲೆದರ್: ಇದೂ ಕೃತಕವೇ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಇರುತ್ತದೆ. ರೆಕ್ಸಿನ್‌ಗಿಂತ ಮೃದು, ನೋಡಲು ಚರ್ಮದಂತೆಯೇ ಕಾಣುತ್ತದೆ. ಆದರೆ ಬೆವರು, ತೇವ, ಶಾಖ ಮೂರೂ ಸೇರಿದರೆ ಆ ಪದರ ಒಳಗೊಳಗೇ ಶಿಥಿಲವಾಗಿ ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ನಮ್ಮ ಯುವಕನ ಕೈಗೆ ಹತ್ತುತ್ತಿದ್ದ ಕಪ್ಪು ಬಹುಶಃ ಇದೇ.

ಮೈಕ್ರೋಫೈಬರ್ ಲೆದರ್: ಬಹಳ ಸಣ್ಣ ನೈಲಾನ್ ಎಳೆಗಳನ್ನು ಪಾಲಿಯುರೆಥೇನ್ ಜೊತೆ ಬೆಸೆದು ಮಾಡಿದ್ದು. ಸಾಧಾರಣ ಪಿಯುಗಿಂತ ಹೆಚ್ಚು ಬಾಳುತ್ತದೆ, ಹೊಲಿಗೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಅಸಲಿ ಚರ್ಮದಷ್ಟು ಬೆಲೆಯಿಲ್ಲ. ಮಧ್ಯಮ ವರ್ಗದ ಸಂಸಾರಕ್ಕೆ ಒಳ್ಳೆಯ ಆಯ್ಕೆ.

ಅಲ್ಕಾಂತಾರಾ: ರೇಸಿನ ಕಾರುಗಳಲ್ಲಿ ಕಾಣುವ, ಮಖಮಲ್ಲಿನಂಥ ವಸ್ತು. ಜಪಾನಿನ ಟೋರೇ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ 1970ರಲ್ಲಿ ಇದನ್ನು ರೂಪಿಸಿದರು, ತಯಾರಾಗುವುದು ಇಟಲಿಯಲ್ಲಿ. ಹಿಡಿತ ಬಹಳ ಚೆನ್ನ. ಆದರೆ ಕೈಯ ಜಿಡ್ಡು ಹತ್ತಿದಂತೆಲ್ಲಾ ಅದರ ನವಿರು ಮಲಗಿ ಮಿರಿಮಿರಿ ಎನ್ನುತ್ತದೆ, ಮೇಲಿಂದ ಮೇಲೆ ಶುಚಿ ಮಾಡುತ್ತಲೇ ಇರಬೇಕು. ಹೊಲದಿಂದ ಬಂದು ಹಾಗೇ ಕಾರು ಹತ್ತುವ ನಮಗೆ ಹೇಳಿಸಿದ್ದಲ್ಲ.

ಅಸಲಿ ಚರ್ಮ: ಸ್ವಲ್ಪ ಮಟ್ಟಿಗೆ ಬೆವರು ಹೀರುತ್ತದೆ, ಕೈಗೆ ಹಿತ, ಆರೈಕೆ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಸ್ಟೀರಿಂಗಿಗೆ ಸುಮಾರು 1ರಿಂದ 1.3 ಮಿ.ಮೀ. ದಪ್ಪ ಸರಿಹೋಗುತ್ತದೆ. ಜಾಕೆಟ್ಟಿನ ತೆಳುಚರ್ಮ ಬೇಗ ಸವೆಯುತ್ತದೆ, ಬೆಲ್ಟಿನ ದಪ್ಪಚರ್ಮ ಬಾಗುವುದಿಲ್ಲ. ಕೈ ಹೆಚ್ಚು ಬೆವರುವವರು ಎಡ-ಬಲ ಬದಿಗಳಲ್ಲಿ ಸಣ್ಣ ತೂತುಗಳಿರುವ ಚರ್ಮವನ್ನೂ, ಮೇಲೆ-ಕೆಳಗೆ ನಯವಾದದ್ದನ್ನೂ ಹಾಕಿಸಬಹುದು.

ಇನ್ನು ತುಪ್ಪುಳಿನ ಕವರ್, ಮಣಿಗಳ ಕವರ್, ಎಳೆದು ಸಿಕ್ಕಿಸುವ ಸಿಲಿಕೋನ್ ಕವರ್ ಇವು ಯಾವುವೂ ಘಾಟಿ ರಸ್ತೆಗೆ ಬೇಡ.

ಚರ್ಮ ಅಸಲಿಯೋ ನಕಲಿಯೋ?

ನಮ್ಮ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳು ಚರ್ಮ ಹದಮಾಡುವುದಕ್ಕೆ ಹೆಸರಾದ ಊರುಗಳು. ಆದರೂ ಅಂಗಡಿಯಲ್ಲಿ 'ಪ್ಯೂರ್ ಲೆದರ್' ಎಂದು ಕೊಡುವುದೆಲ್ಲಾ ಚರ್ಮವಲ್ಲ. ಬೆಂಕಿ ತಾಗಿಸಿ ನೋಡುವ ಸಾಹಸ ಬೇಡ. ತುಂಡನ್ನು ತಿರುಗಿಸಿ ಹಿಂಭಾಗ ನೋಡಿ: ಚರ್ಮವಾದರೆ ಜೂಲುಜೂಲಾದ ನಾರು ಕಾಣುತ್ತದೆ, ನಕಲಿಯಾದರೆ ಹೆಚ್ಚಾಗಿ ನೇಯ್ದ ಬಟ್ಟೆ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿ: ಚರ್ಮ ಸುತ್ತಲೂ ಸಣ್ಣಗೆ ಸುಕ್ಕುಗಟ್ಟುತ್ತದೆ. 'ಬಾಂಡೆಡ್ ಲೆದರ್' ಎಂದರೆ ಚರ್ಮದ ಚೂರುಗಳನ್ನು ಅರೆದು ಅಂಟಿಸಿದ್ದು, ಹೆಸರಿಗೆ ಮರುಳಾಗಬೇಡಿ.

ಹಾಕಿಸುವಾಗ ಗಮನಿಸಿ

ಹಳೆಯ ಅಂಟು, ಜಿಡ್ಡು ಎಲ್ಲವನ್ನೂ ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಜಿಡ್ಡಿನ ಮೇಲೆ ಹೊಸ ಹೊದಿಕೆ ಹಾಕಿದರೆ ಅದೂ ಜಾರುತ್ತದೆ.

ಚಕ್ರದ ಅಡ್ಡಳತೆ, ಹಿಡಿಯ ಸುತ್ತಳತೆ ಎರಡನ್ನೂ ದರ್ಜಿಯ ಟೇಪಿನಲ್ಲಿ ಅಳೆಯಿರಿ. ಅಳತೆಗಿಂತ ಕೊಂಚ ಬಿಗಿಯಾಗಿಯೇ ಕತ್ತರಿಸಿ ಎಳೆದು ಹೊಲಿಯಬೇಕು. ಹೊಲಿಗೆ ಚಕ್ರದ ಒಳಬದಿಯಲ್ಲಿರಲಿ. ದಾರ ಮೇಣ ಹಚ್ಚಿದ ಪಾಲಿಯೆಸ್ಟರ್‌ದಾಗಿರಲಿ. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ಮೆತ್ತಗಿರಲೆಂದು ಒಳಗೆ ದಪ್ಪ ಸ್ಪಂಜು ಇಡಿಸಬೇಡಿ. ಆ ಕಾರನ್ನು ಮನೆಯ ಹೆಣ್ಣುಮಕ್ಕಳೂ ಓಡಿಸುತ್ತಾರೆ. ಅವರ ಬೆರಳು ಸುತ್ತಿ ಬರುವಷ್ಟೇ ದಪ್ಪವಿರಲಿ.

ಬಹಳ ಮುಖ್ಯವಾದದ್ದು ಏರ್‌ಬ್ಯಾಗ್. ನಮ್ಮ ದೇಶದಲ್ಲಿ ಜುಲೈ 2019ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದು ಇರುವುದು ಸ್ಟೀರಿಂಗಿನ ನಡುವೆಯೇ. ಹೊದಿಕೆಯಾಗಲಿ ಅಲಂಕಾರವಾಗಲಿ ಆ ನಡುಭಾಗದ ಮೇಲೆ ಬರಕೂಡದು. ಚಕ್ರವನ್ನು ಬಿಚ್ಚದೆಯೇ ಹೊಲಿಯಬಹುದು. ಬಿಚ್ಚಲೇಬೇಕೆಂದರೆ ಏರ್‌ಬ್ಯಾಗಿನ ಕೆಲಸ ತಿಳಿದ ವರ್ಕ್‌ಶಾಪಿಗೇ ಹೋಗಿ, ರಸ್ತೆ ಬದಿಯಲ್ಲಿ ಬಿಚ್ಚಿಸಬೇಡಿ.

ಕೆಲಸ ಮುಗಿದ ಮೇಲೆ ಗಾಡಿ ನಿಂತಿರುವಾಗಲೇ ಎರಡೂ ಕೈಯಿಂದ ಹೊದಿಕೆಯನ್ನು ಬಟ್ಟೆ ಹಿಂಡಿದಂತೆ ತಿರುಚಿ ನೋಡಿ. ಒಂದಿಷ್ಟು ಸರಿದರೂ ಹಣ ಕೊಡುವ ಮೊದಲು ಮತ್ತೆ ಹೊಲಿಸಿ. ಒಂದು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ.

ಆರೈಕೆ ದೊಡ್ಡದೇನಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಿರಿ. ಹೊಳಪು ಬರಿಸುವ ಪಾಲಿಶ್ ಸ್ಟೀರಿಂಗಿಗೆ ಬೇಡವೇ ಬೇಡ, ಅದು ಜಾರಿಸುತ್ತದೆ. 2020ರ ಕೊರೋನಾ ಕಾಲದಿಂದ ಕಾರಿನಲ್ಲಿ ಸ್ಯಾನಿಟೈಸರ್ ಇಡುವುದು ಅನೇಕರಿಗೆ ರೂಢಿಯಾಗಿದೆ. ಹಚ್ಚಿದ ಕೈ ಒಣಗುವ ಮೊದಲೇ ಸ್ಟೀರಿಂಗ್ ಹಿಡಿದರೆ ಅದರ ಆಲ್ಕೋಹಾಲ್ ಚರ್ಮದ ಬಣ್ಣವನ್ನೂ ಮೇಲ್ಪದರವನ್ನೂ ತಿನ್ನುತ್ತದೆ.

ಪ್ರಿಯರೇ, ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಹಬ್ಬ ಜುಲೈ 25ರಂದು. ವಾಹನಗಳನ್ನು ಸಾಲಾಗಿ ನಿಲ್ಲಿಸಿ ಗುರುಗಳಿಂದ ಆಶೀರ್ವಾದ ಬೇಡುತ್ತೇವೆ, ಬಾನೆಟ್ಟಿಗೆ ಹಾರ ಹಾಕುತ್ತೇವೆ. ಎಲ್ಲವೂ ಒಳ್ಳೆಯದೇ. ಆದರೆ ಟಯರು, ಬ್ರೇಕು, ಕೈಯಲ್ಲಿ ಹಿಡಿಯುವ ಚಕ್ರ ಇವನ್ನು ನೋಡಿಕೊಳ್ಳುವ ಕೆಲಸವನ್ನು ದೇವರು ನಮಗೇ ಬಿಟ್ಟಿದ್ದಾರೆ. ನಮ್ಮ ಹಿಂದೆ ಕೂತವರು ನಮ್ಮನ್ನು ನಂಬಿ ಕೂತಿರುತ್ತಾರೆ.

ಆ ಯುವಕನಿಗೆ ನಾನು ಹೇಳಿದ್ದು: "ಕೈಯಲ್ಲಿ ಹಣವಿದ್ದರೆ ಚರ್ಮ ಹಾಕಿಸು, ಇಲ್ಲವಾದರೆ ಒಳ್ಳೆಯ ಮೈಕ್ರೋಫೈಬರ್. ಯಾವುದಾದರೂ ಹೊಲಿದೇ ಹಾಕಿಸು."

ಅಂದು ದಿಂಬಂ ಘಾಟಿಯಲ್ಲಿ ಅಮ್ಮ ಗಮನಿಸಿಲ್ಲ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಆದರೆ ಈಗಲೂ ಕಾರು ಹತ್ತಿದ ಕೂಡಲೇ ಶಿಲುಬೆಯ ಗುರುತು ಹಾಕಿಕೊಂಡು, ಜಪಸರ ಕೈಗೆ ತೆಗೆದುಕೊಳ್ಳುವ ಮೊದಲು ಅವರು ಒಂದು ಮಾತು ಕೇಳುತ್ತಾರೆ: "ಕವರು ಗಟ್ಟಿಯಾಗಿದೆಯೇನಪ್ಪಾ?"